ಗೇಟಿನ ನೋಟೀಸು ನನ್ನದು

ಶಕ್ತಿನಗರ
ಭಾನುವಾರ

ಮಾನ್ಯ ನೋಣಯ್ಯಣ್ಣನವರಿಗೆ, ಪಕ್ಕದ ಮನೆಯ ಕಾನೂನು ವಿದ್ಯಾರ್ಥಿ ಜಾಬಿರ್ ತಲೆ ತಗ್ಗಿಸಿ ಬರೆಯುವುದು.

ರಸ್ತೆ ಅಗಲೀಕರಣಕ್ಕಾಗಿ ಬೇಲಿ ತೆರವು ಮಾಡಬೇಕೆಂಬ ಆ ನೋಟೀಸು ಪಾಲಿಕೆಯದ್ದಲ್ಲ. ತಮಾಷೆಗೆಂದು ನಾನೇ ಟೈಪ್ ಮಾಡಿ ನಿಮ್ಮ ಗೇಟಿಗೆ ಅಂಟಿಸಿದ್ದೆ. ನೀವು ನಗುತ್ತೀರಿ ಎಂದುಕೊಂಡಿದ್ದೆ. ನೀವೋ, "ಸರ್ಕಾರದ ಕಾಗದ ಮಾರಾಯ, ಎಂತ ಮಾಡುವುದು?" ಎಂದು ತೀರಿಹೋದ ನಿಮ್ಮ ಹೆಂಡತಿ ಬಾಗಿಯಕ್ಕ ಬೇಲಿಗೆ ನೆಟ್ಟಿದ್ದ ಮಲ್ಲಿಗೆಯನ್ನು ಬುಡಸಮೇತ ಕಡಿದಿರಿ. ನಾನು ಕಿಟಕಿಯಲ್ಲೇ ನಿಂತಿದ್ದೆ.

ದಯವಿಟ್ಟು ಆ ಗಿಡ ಹೋದದ್ದಕ್ಕೆ ನಾಳೆ ಪಾಲಿಕೆಯ ಮೇಲೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಲು ವಕೀಲರಲ್ಲಿಗೆ ಹೋಗಬೇಡಿ. ಸರ್ಕಾರ ತಪ್ಪು ಮಾಡಿದರೆ ಸಾರ್ವಜನಿಕ ಕಾನೂನು ಉಂಟು. ಇದು ನಿಮ್ಮ ನನ್ನ ನಡುವಿನದು, ಬರೀ ಖಾಸಗಿ. ಸಿವಿಲ್ ದಾವೆಯನ್ನು ನನ್ನ ಮೇಲೆ ಹಾಕಿ. ಆ ಗಿಡಕ್ಕೆ ಪರಿಹಾರವೇನೆಂದು ನನ್ನ ಪುಸ್ತಕಗಳಲ್ಲಿ ಸಿಗಲಿಲ್ಲ. ನೀವು ಹೇಳಿದ್ದಕ್ಕೆ ಎದುರು ವಾದಿಸುವುದಿಲ್ಲ.

ಇತಿ,
ಪ್ರತಿವಾದಿ
ಜಾಬಿರ್