ಐದನೆಯ ಸುತ್ತಿನ ಸಂದರ್ಶನದ ಕುರಿತು

ಅಫಜಲಪುರ

ನೇಮಕಾತಿ ಅಧಿಕಾರಿ ಸುಧೀರ ಅವರಿಗೆ,

ಶರಣು. ನಿಮ್ಮ ಎರಡೂ ಮೇಲ್ ತಲುಪಿವೆ. ಕಾಯಂ ಕೆಲಸಕ್ಕೆ ನಾನು ತಕ್ಕವಳಲ್ಲ ಎಂದು ಮೊದಲನೆಯದರಲ್ಲಿ ಇದೆ. ಆಯ್ಕೆಯಾದವರಿಗೆ ಹದಿನೈದು ದಿನ ಆ ಕೆಲಸ ಕಲಿಸಿಕೊಡಿ ಎಂದು ಎರಡನೆಯದರಲ್ಲಿ ಇದೆ. ಎರಡನ್ನೂ ಬರೆದವರು ಒಬ್ಬರೇ ಎಂದು ನಂಬಲು ನನಗೆ ತುಸು ಹೊತ್ತು ಹಿಡಿಯಿತು.

ಮೂರು ವರ್ಷ ಗುತ್ತಿಗೆಯ ಮೇಲೆ ಕೇಳಿದ ಮಾತನ್ನು ಬರಹಕ್ಕಿಳಿಸುವ ನಿಮ್ಮ ಕಂಪನಿಯ ಯಂತ್ರಕ್ಕೆ ನಮ್ಮ ಭಾಗದ ಮಾತು ಕಲಿಸಿದ್ದೇನೆ. ಐದನೆಯ ಸುತ್ತಿನಲ್ಲಿ ನೀವು ನೆಲೋಗಿಯ ಮುದುಕಿಯೊಬ್ಬಳ ಧ್ವನಿ ಕೇಳಿಸಿದಿರಿ. "ನಾ ಬರಾಕತ್ತೇನಿ, ಬಾಗ್ಲಾ ಹಾಕಬ್ಯಾಡ್ರಿ" ಎಂದು ಆಕೆ ಫೋನಿನಲ್ಲಿ ಬ್ಯಾಂಕಿನವರನ್ನು ಬೇಡಿಕೊಳ್ಳುತ್ತಿದ್ದಳು. ಯಂತ್ರ ಅದನ್ನು "ಬಾರಾ ಕತ್ತೆ ನೀ" ಎಂದು ಬರೆದಿತ್ತು. ಆಕೆ ದಾರಿಯಲ್ಲಿದ್ದಾಳೆ, ಬರುತ್ತಿದ್ದಾಳೆ ಎಂದೆ.

"ಇಲ್ಲ ಮೇಡಂ, ಗ್ರಾಹಕರು ಬೈತಿದ್ದಾರೆ" ಎಂದಿರಿ.

"ಸರ್, ನಮ್ಮ ಕಡೆ ಎಲ್ಲಾರೂ ಹಿಂಗೇ ಮಾತಾಡ್ತಾರ್ರಿ."

ನೀವು ನಕ್ಕು, ನನ್ನ ಉತ್ತರ ತಪ್ಪೆಂದು ಗುರುತು ಹಾಕಿಕೊಂಡಿರಿ. ಆ ದಿನ ನಾನು ಊಟ ಮಾಡಲಿಲ್ಲ. ನಿಮ್ಮಂಥವರ ನಗುವಿಗಾಗಿ ಒಂದು ಹೊತ್ತಿನ ರೊಟ್ಟಿ ಬಿಟ್ಟೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ನಾನು ಯಾರಿಗೂ ಕಲಿಸಿಕೊಡುವುದಿಲ್ಲ. ಗುತ್ತಿಗೆಯ ಕೆಲಸವನ್ನೂ ಇಂದಿಗೆ ಬಿಟ್ಟಿದ್ದೇನೆ. ಸೋಮವಾರದಿಂದ ಇಲ್ಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ನಿಮ್ಮ ಲ್ಯಾಪ್‌ಟಾಪ್ ಒಯ್ಯಲು ಯಾರನ್ನಾದರೂ ಕಳಿಸಿ. ಹಗಲು ಮನೆಯಲ್ಲಿ ನಮ್ಮವ್ವ ಇರುತ್ತಾಳೆ. ಬಂದವರನ್ನು ಮಾತಾಡಿಸದೆ, ನೀರು ಕೊಡದೆ ಅವಳು ಕಳಿಸುವವಳಲ್ಲ. ಅವಳ ಮಾತು ತಿಳಿಯುವಂಥವರನ್ನೇ ಕಳಿಸಿ; ನೀವು ಬರುವ ತೊಂದರೆ ತೆಗೆದುಕೊಳ್ಳಬೇಡಿ.

ಇತಿ,
ವಿಜಯಶ್ರೀ