ಅಮ್ಮನ ಸಾಕ್ಷಿಗೆ ನಕ್ಕವರು

ಹಳಿಯಾಳ
೧೨ ಫೆಬ್ರವರಿ ೨೦೨೫

ತಮ್ಮ ವೀರೇಶ,

ನೀನು ಕೊಟ್ಟ ಮಾತು: ನಮ್ಮ ಸಿದ್ದಿ ಕೇರಿಗೆ ಹೊಲದ ಪಟ್ಟಾದ ಆಸೆ ತೋರಿಸಿ ಮೋಸ ಮಾಡಿದವನ ಕಥೆಯನ್ನು ಸಿನಿಮಾ ಮಾಡುತ್ತೇನೆ, ಮೋಸಹೋದವರ ಕಣ್ಣಿನಿಂದ ಮಾಡುತ್ತೇನೆ, ಬಿಡುಗಡೆಗೆ ಮೊದಲು ಊರಲ್ಲೇ ತೋರಿಸುತ್ತೇನೆ. ಊರಲ್ಲಿ ತೋರಿಸಲಿಲ್ಲ. ಕಣ್ಣು ನಮ್ಮದಲ್ಲ. ಕಥೆ ಠಕ್ಕನದು.

ಹೇಗಿದ್ದೀ? ಶೈಲಶ್ರೀ, ಮಗು ಆರಾಮವೇ? ಸಿನಿಮಾ ನೋಡಿದ ದಿನವೇ ಬರೆಯಬೇಕಿತ್ತು. ಸಿಟ್ಟು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ.

ದಾಂಡೇಲಿಯ ಟಾಕೀಸಿಗೆ ಕೇರಿಯವರೆಲ್ಲ ಟೆಂಪೋ ಮಾಡಿಕೊಂಡು ಹೋಗಿದ್ದೆವು. "ನಮ್ಮ ವೀರೇಶನ ಪಿಚ್ಚರ್ ರೀ, ಪಟ್ಟಾದ ಧರಣಿ ಟೆಂಟಿನಾಗ ನಮ್ಮ ಜೋಡಿ ಮಲಗಿದಾಂವ" ಅಂತ ಸೈಮನ್ ದಾರಿಯುದ್ದಕ್ಕೂ ಡ್ರೈವರನ ತಲೆ ತಿಂದ. ನಿನ್ನ ಮೊದಲ ಕಿರುಚಿತ್ರದಲ್ಲಿ ಜನ ಮಾತಾಡುತ್ತಿದ್ದರು, ನೀನು ಕೇಳುತ್ತಿದ್ದೆ. ಇದರಲ್ಲಿ ಠಕ್ಕನಿಗೆ ಕಪ್ಪು ಕನ್ನಡಕ, ಹಾಡು, ಬಣ್ಣದ ಹೊಗೆ. ಅವನ ಚಾಲಾಕಿಯಾದರೂ ಎಂಥದ್ದು? ಅಳತೆ ಟೇಪು ಹಿಡಿದು ಬಂದ, ಎಲ್ಲರೂ ನಂಬಿದರು, ಕೋಳಿ ಹಿಡಿದುಕೊಂಡು ಹೋದ. ಜನರನ್ನೆಲ್ಲ ಪೆದ್ದರು ಮಾಡಿಟ್ಟ ಮೇಲೆ ಠಕ್ಕನಿಗೆ ಬುದ್ಧಿ ಯಾಕೆ ಬೇಕು?

ಆಮೇಲೆ ಪರದೆಯ ಮೇಲೆ ನನ್ನ ಅಮ್ಮ ಬಂದಳು. ನಮ್ಮಲ್ಲಿ ಅರಣ್ಯಹಕ್ಕು ಸಮಿತಿಯ ಮುಂದೆ ಹಿರಿಯರ ಬಾಯಿಮಾತೇ ಪುರಾವೆ, ನಿನಗೆ ಗೊತ್ತು. ನೀನು ಶೂಟಿಂಗಿಗೆ ಬಂದ ದಿನ ಕ್ಯಾಮೆರಾ ಕಂಡ ಅಮ್ಮ ಅದನ್ನೂ ಸಮಿತಿ ಅಂತಲೇ ತಿಳಿದಳು. ದಮಾಮ್ ಡೋಲಿನ ಮೇಲೆ ಕೈಯಿಟ್ಟು, ಸತ್ತ ಹಿರಿಯರನ್ನು ಹೆಸರು ಹಿಡಿದು ಕರೆದು, "ಬಿಬಿಜಾನ್ ನಾ, ಕಂಡದ್ದಷ್ಟ ಹೇಳ್ತೇನಿ" ಅಂತ ಆಣೆ ಮಾಡಿದಳು. ಇದು ಸಿನಿಮಾ ಅಂತ ನೀನು ತಿದ್ದಲಿಲ್ಲ. ಆ ಆಣೆಯ ಹಿಂದೆ ಕೋಳಿ ಕೂಗು ಹಾಕಿದೆ. ಟಾಕೀಸು ಬಿದ್ದು ಬಿದ್ದು ನಕ್ಕಿತು.

ಹೊರಗೆ ಬಂದು ಸೈಮನ್ ಅಂದ: "ಅಕ್ಕಾ, ಆ ಠಕ್ಕ ಕೋಳಿ ಅಷ್ಟ ಒಯ್ದಿದ್ದ. ಇಂವ ನೋಡು..." ಟೆಂಪೋ ಹತ್ತಿ ಕೂತುಬಿಟ್ಟ.

ಮೊಬೈಲಿನಲ್ಲಿ ಬಿಡುವ ಮೊದಲು ಆ ದೃಶ್ಯ ಕಿತ್ತುಹಾಕು. ಇದು ಕೋರಿಕೆಯಲ್ಲ, ಬೇಡಿಕೆ.

ಶೈಲಶ್ರೀಗೆ ನೆನಪು, ಮಗುವಿಗೆ ಮುತ್ತು. ನಿನಗೂ ಒಳ್ಳೆಯದಾಗಲಿ, ಸಿಟ್ಟಿನಲ್ಲೇ ಹೇಳುತ್ತಿದ್ದೇನೆ, ಆದರೂ ನಿಜ.

ನಿನ್ನ ಅಕ್ಕ
ರುಬಿನಾ

ತಾ.ಕ.: ಕೇರಿಯ ಹೊಲಗಳಿಗೆ ಬೇರೆ ಪುರಾವೆಯಿಲ್ಲ, ಹಳೆಯ ಸಾಗುವಳಿಯನ್ನು ಕಣ್ಣಾರೆ ಕಂಡವಳು ಈಗ ಅಮ್ಮನೊಬ್ಬಳೇ. ಮೊನ್ನೆ ಸಮಿತಿಯಲ್ಲಿ ಅವಳ ಹೆಸರು ಕರೆದಾಗ ಹಿಂದಿನಿಂದ ಯಾರೋ ಕೋಳಿಯ ಹಾಗೆ ಕೂಗಿದರು. ಅಮ್ಮ ಎದ್ದು ಹೊರಬಂದಳು. "ನನ್ನ ಮಾತು ನಗಿ ಆಗೇತಿ, ಮಗಳ. ಇನ್ನ ಬಾಯಿ ತೆರ್ಯಾಂಗಿಲ್ಲ. ಆ ಹುಡುಗಗ ಮಾತ್ರ ಏನೂ ಬರೀಬ್ಯಾಡ, ನನ್ನ ಕೈಲೆ ಉಂಡಾನ" ಅಂದಳು. ಬರೆದಿದ್ದೇನೆ. ಬಂದು ಎಲ್ಲರೆದುರು ನಿಂತು, ಅವಳ ಆಣೆಯನ್ನು ನೀನು ಏನು ಮಾಡಿದೆ ಅಂತ ನಿನ್ನ ಬಾಯಿಂದಲೇ ಹೇಳು. ಆಮೇಲೆ ಅವಳು ಮಾತಾಡಿಯಾಳು. ಸಮಿತಿ ಮತ್ತೆ ಸೇರುವುದು ನಮ್ಮೂರ ಶಾಲೆಯಲ್ಲಿ, ಸೋಮವಾರ, ಫೆಬ್ರವರಿ ಹದಿನೇಳು, ಬೆಳಿಗ್ಗೆ ಹನ್ನೊಂದಕ್ಕೆ.