ಹುಣಸೆಮರದ ಬಾಣಂತಿಯರು

ಮದ್ದೂರು
೧೦-೧-೧೯೭೫

ಚಿ. ಸೌ. ಕನಕಲಕ್ಷ್ಮಿಗೆ ಅಪ್ಪನ ಆಶೀರ್ವಾದ.

ನಾನೂ ನಿನ್ನ ಅಮ್ಮನೂ ಕ್ಷೇಮ. ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು ಅನ್ನುವುದಕ್ಕೂ ನಾಚಿಕೆ. ಬೇರೆ ಜಾತಿಯವನ ಕೈಹಿಡಿದೆಯೆಂದು ನಿನ್ನ ಹೆಸರೆತ್ತದೆ ಕೂತ ಹಟಮಾರಿ ನಾನು. ನಿನಗೆ ಏಳು ತಿಂಗಳು ತುಂಬಿತೆಂದು ನಿನ್ನ ಯಜಮಾನರು ಬರೆದ ಕಾರ್ಡು ಬಂದು ವಾರವಾಯಿತು. ಉತ್ತರಿಸದೆ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ.

ಮನೆಯಲ್ಲಿ ಕೂರಲಾಗದೆ ನಿನ್ನೆ ಧನುರ್ಮಾಸದ ಪೂಜೆ ಮುಗಿಸಿ, ಹುಗ್ಗಿ ತಿಂದು, ಬಸ್ಸು ಹತ್ತಿದೆ. ರುದ್ರಾಕ್ಷಿಪುರದಲ್ಲಿ ಇಳಿದು ಬೆಳ್ಳೂರಿನ ಕಡೆ ನಡೆದೆ. ಮಾರು ದೂರದ್ದೂ ಕಾಣದಂಥ ಮಂಜು. ಕಬ್ಬಿನ ಸೂಲಂಗಿ ಹೂವೆಲ್ಲ ತಲೆ ತೋಯಿಸಿಕೊಂಡು ನಿಂತಿತ್ತು. ಅವರೆ ಹೊಲದ ಸೊಗಡಿಗೆ ಮೂಗರಳಿತು. ಬಿಸಿಲು ಬೀಳುತ್ತಲೇ ಹುರುಳಿ ಹೊಲದ ತುಂಬ ಜೇಡರಬಲೆ, ಎಳೆಯೆಳೆಗೂ ಇಬ್ಬನಿ! ಮೂವತ್ತು ವರ್ಷ ಮಕ್ಕಳಿಗೆ ಪ್ರಕೃತಿಪಾಠ ಹೇಳಿದ ಈ ಮೇಷ್ಟ್ರು ಇದನ್ನು ನೋಡಿರಲೇ ಇಲ್ಲವಲ್ಲೇ.

ಊರೊಳಗೆ ಕಾಲಿಟ್ಟರೆ ಮೇಲೆ ಗೋಣಿಚೀಲ ಕೊಡವಿದಂಥ ಸದ್ದು. ತಲೆಯೆತ್ತಿದೆ. ಹೆಜ್ಜಾರ್ಲೆ! ಒಂದೊಂದು ರೆಕ್ಕೆ ನಮ್ಮ ನಡುಮನೆಯ ಚಾಪೆಯಷ್ಟು. ಹುಣಸೆಮರದಲ್ಲಿ ಕೊಂಬೆ ಕಾಣದಷ್ಟು ಹಕ್ಕಿ. ಕಡ್ಡಿ ಕಚ್ಚಿ ತರುವುದೇನು, ಗೂಡಿಗೆ ಒಪ್ಪವಾಗಿ ಸಿಕ್ಕಿಸುವುದೇನು! ನನ್ನ ಕೈ ತಾನಾಗಿ ಮುಗಿಯಿತು. ಕೆಳಗೆ ಅಂಗಳದಲ್ಲಿ ಸೋಮಮ್ಮನೆಂಬ ಮುದುಕಿ ತನ್ನ ಪಾಡಿಗೆ ರಾಗಿ ಕೇರುತ್ತಿದ್ದಳು.

"ಹುಣಸೆಹಣ್ಣು ಬಡಿಯುವುದಿಲ್ಲವೇನಮ್ಮ?" ಅಂದೆ.

"ಮರಿ ದೊಡ್ಡವಾಗೋಗಂಟ ಮರ ಮುಟ್ಟಕಿಲ್ಲ ಅಯ್ನೋರೆ. ಎಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದವೆ. ಅಣ್ಣು ಓದ್ರೆ ಓಯ್ತದೆ. ಬಸ್ರಿ ಮಗಳ್ನ ಬಾಕ್ಲಿಂದ ಆಚ್ಗೆ ತಳ್ಳಕ್ಕಾದದಾ?"

ಅವಳಿಗೆ ನಾನ್ಯಾರೋ ಗೊತ್ತಿಲ್ಲ. ನನಗೇ ಅಂದಳೆನಿಸಿ ಜಗಲಿಯ ಮೇಲೆ ಕೂತೆ. ಮಜ್ಜಿಗೆ ಕೊಟ್ಟಳು, ಕುಡಿದೆ. ಅವಳ ಜಾತಿ ಕೇಳುವುದು ನೆನಪೇ ಆಗಲಿಲ್ಲ.

ಕನಕಾ, ಬಾಣಂತನಕ್ಕೆ ಬಾ. ನೀನು ಹೂಂ ಅಂದರೆ ನಾನೇ ಭದ್ರಾವತಿಗೆ ಬಂದು ಕರೆತರುತ್ತೇನೆ. ಅಳಿಯಂದಿರು ಸಿದ್ದರಾಮು ಅವರಿಗೂ, ನಾನಿನ್ನೂ ಮುಖ ನೋಡದ ಮೊಮ್ಮಗುವಿಗೂ ಆಶೀರ್ವಾದ. ಹೊಟ್ಟೆಯ ಕೂಸಿನೊಂದಿಗೆ ತಣ್ಣಗಿರು, ತಾಯಿ.

ನಿನ್ನ ಅಪ್ಪ,
ಕಸ್ತೂರಿರಂಗ

ತಾ.ಕ.: ಚೊಚ್ಚಲಿಗೆ ತವರಿಗೆ ಬರಲೇ ಎಂದು ಮೂರು ವರ್ಷದ ಹಿಂದೆ ನೀನು ಅಮ್ಮನಿಗೆ ಬರೆದ ಕಾಗದ ನನ್ನ ಕೈಗೆ ಸಿಕ್ಕಿತ್ತು. ಅವಳಿಗೆ ತೋರಿಸದೆ ಹಳೆಯ ಪಂಚಾಂಗದೊಳಗೆ ಮಡಿಸಿಟ್ಟೆ. "ಮಗಳು ಒಂದು ಸಾಲೂ ಬರೆಯಲಿಲ್ಲ" ಎಂದು ಅವಳು ಅಳುವಾಗ ಪಕ್ಕದಲ್ಲೇ ಕೂತು ಪೇಪರು ಓದಿದೆ. ನಿನ್ನೆ ಸಂಜೆ ಅದನ್ನು ಅವಳ ಕೈಗಿತ್ತೆ. ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬೆಳಗಿನಿಂದ ತನ್ನ ಹಳೆಯ ಸೀರೆ ಹರಿದು ಕೂಸಿಗೆ ಬಟ್ಟೆ ಮಡಿಸುತ್ತಿದ್ದಾಳೆ.